ಸ್ಟುಡಿಯೋದ ಕರಿ ಕೋಟು, ಫ್ರಿಜ್ಜಿನ ಕೊನೆಯ ರೋಲು

ಇಂದಿರಾನಗರದ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ಕವಿತಾ ಎಂಬ ಹುಡುಗಿ ಫಿಲ್ಮ್ ತೊಳೆಯುವ ಲ್ಯಾಬ್ ಇಟ್ಟಿದ್ದಾಳೆ. ಅಲ್ಲಿಗೆ ಕೆಲಸ ಕಲಿಯಲು ಬರುವವರೆಲ್ಲ ನನ್ನನ್ನು ಹಿಡಿದು ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಜ್ಜಿ, ಡೇಟ್ ಮುಗಿದ ಇನ್‌ಫ್ರಾರೆಡ್ ರೋಲಲ್ಲಿ ಪಟ ತೆಗೆದ್ರಂತೆ, ಹೇಗಾಯ್ತು ಹೇಳಿ." ಹೇಳಿ ಹೇಳಿ ನನ್ನ ದವಡೆ ನೋಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ, ನನ್ನನ್ನು ಕರೆದು ತೋರಿಸಬೇಡಿ.

ಮೊದಲು ಕೆಲಸ ಎಂಥದು ಎಂದು ತಿಳಿದುಕೊಳ್ಳಿ. ಈಗ ನೀವು ಏಪ್ರನ್ ಕಟ್ಟಿಕೊಂಡು, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಕಾಫಿ ಕುಡಿಯುತ್ತಾ ಬರುತ್ತೀರಿ. ನಾನು ಮರ್ಫಿ ಟೌನಿನಿಂದ ಶಿವಾಜಿನಗರಕ್ಕೆ ಬರಿಗೈಯಲ್ಲಿ ಹೋಗುತ್ತಿದ್ದೆ, ಸಂಜೆ ಕಂದು ಉಗುರಿನಲ್ಲಿ ವಾಪಸು ಬರುತ್ತಿದ್ದೆ. ಡೆವಲಪರ್ ಕಲೆ ಹುಣಿಸೆಹಣ್ಣಿನಿಂದ ಉಜ್ಜಿದರೂ ಹೋಗುತ್ತಿರಲಿಲ್ಲ. ಪಟ ತೊಳೆಯುವ ಹೈಪೋ ನೀರಿನ ವಾಸನೆ ಸೀರೆಯಲ್ಲೇ ಕೂತುಬಿಡುತ್ತಿತ್ತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಕಾಲು ಚಾಚಿಕೊಂಡು ಹೋಗುತ್ತಿದ್ದೆ. ಈ ಕೆಲಸದಿಂದ ನನಗಾದ ಮೊದಲ ಲಾಭ ಅದು.

ಸ್ಟುಡಿಯೋ ದೊರೈ ಮಾಸ್ಟರದು. ಅವರ ಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ಒಂದು ದಿನ ಪಟ ತೊಳೆಯುವವನು ಬರಲಿಲ್ಲ. ಮಾಸ್ಟರ್ ಅಡುಗೆಮನೆ ಬಾಗಿಲಲ್ಲಿ ನಿಂತು, "ರತ್ನ, ತಟ್ಟೆ ತೊಳೀತೀಯಲ್ಲ, ಪಟ ತೊಳೆಯೋಕೇನು ಕಷ್ಟ? ಬಾ," ಎಂದರು. ಹೋದೆ. ತೊಳೆಯುವುದರಿಂದ ಶುರುವಾಗಿ ಪ್ರಿಂಟ್ ಹಾಕುವುದು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ತೆಗೆಯುವುದು, ಎಲ್ಲ ಕಲಿತೆ. ಕ್ಯಾಮೆರಾ ಒಂದನ್ನು ಬಿಟ್ಟು. ಅದನ್ನು ಮುಟ್ಟಲು ಹೋದ ಮೊದಲ ದಿನವೇ ಮಾಸ್ಟರ್, "ಲೆನ್ಸಿಗೆ ಬೆರಳು ಹಚ್ಚಬೇಡ," ಎಂದು ಕೈಗೆ ಹೊಡೆದು ಕಾನೂನು ಮಾಡಿದರು: "ಕ್ಯಾಮೆರಾ ನಂದು, ಕತ್ತಲು ನಿಂದು." ಸ್ಟುಡಿಯೋ ಮುಚ್ಚುವ ತನಕ ಅದೇ ಕಾನೂನು. ಎಷ್ಟು ಸಾವಿರ ಮುಖ ತೊಳೆದಿದ್ದೇನೋ, ಒಂದು ಸಲವೂ ಬಟನ್ ಒತ್ತಲಿಲ್ಲ.

ಮಾಸ್ಟರಿಗೆ ಎಲ್ಲ ಗೊತ್ತಿತ್ತು ಎಂದು ತಿಳಿಯಬೇಡಿ. ನನಗೆ ಜ್ವರ ಬಂದಿದ್ದಾಗ ಒಂದು ಮದುವೆ ಪಟವನ್ನು ಅವರೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟರು. ನೆಗೆಟಿವ್ ಮಗುಚಿ ಇಟ್ಟಿದ್ದರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮರುದಿನ ಹುಡುಗನ ತಾಯಿ ಕಟ್ಟು ಹಾಕಿದ ಪಟ ಹೊತ್ತುಕೊಂಡು ಬಂದಳು.

"ನಮ್ಮ ಸೊಸೆ ಯಾಕ್ರೀ ಬಲಗಡೆ ನಿಂತಿದ್ದಾಳೆ? ತಾಳಿ ಕಟ್ಟಿದ್ಮೇಲೆ ಎಡಗಡೆ ತಾನೆ ನಿಲ್ಲೋದು? ನೋಡಿದವರೆಲ್ಲ ಮದುವೆ ಆಗಿದ್ಯೋ ಇಲ್ವೋ ಅಂತ ಕೇಳ್ತಾರೆ."

ಮಾಸ್ಟರ್ ಪಟ ನೋಡಿದರು. ಸೆರಗು ಬಲ ಹೆಗಲ ಮೇಲಿದೆ, ಅಂಗಿ ಗುಂಡಿ ಉಲ್ಟಾ ಇದೆ. "ಎದುರಿಗೆ ಒಂದು ಕನ್ನಡಿ ತೂಗುಹಾಕಿ ನೋಡಿ ಅಮ್ಮಾ, ಸರಿಹೋಗುತ್ತೆ," ಎಂದರು. ಆಕೆ ಛತ್ರಿ ಎತ್ತಿದಳು. ಮಾಸ್ಟರ್ ನನ್ನ ಕತ್ತಲೆ ಕೋಣೆಗೆ ಓಡಿಬಂದು ಚಿಲಕ ಹಾಕಿಕೊಂಡರು. ನಿಮಗೆ ಇದರಲ್ಲಿ ಪಾಠ ಇಷ್ಟೇ: ನೆಗೆಟಿವಿನ ಮಂಕು ಮುಖ ಕೆಳಗೆ, ಹೊಳೆಯುವ ಮುಖ ಮೇಲೆ. ಮರೆತರೆ ಓಡಲು ಒಂದು ಕೋಣೆ ಇಟ್ಟುಕೊಂಡಿರಿ.

ಇನ್ನೊಂದು ವಿಷಯ, ಕೋಟಿನದು. ಆ ಕಾಲದಲ್ಲಿ ಸ್ಟುಡಿಯೋ ಎಂದರೆ ಮೊಳೆಗೆ ಒಂದು ಕೋಟು ಇರಲೇಬೇಕು. ಪಾಸ್‌ಪೋರ್ಟಿಗೋ ಹೆಣ್ಣಿನ ಮನೆಗೆ ಕಳಿಸಲೋ ಪಟ ಬೇಕಾದವನು ಲುಂಗಿಯಲ್ಲೇ ಬಂದು, ಮೇಲೆ ಕೋಟು ಹಾಕಿ ಕೂರುತ್ತಿದ್ದ. ಸೊಂಟದ ಮೇಲೆ ಜಡ್ಜು, ಕೆಳಗೆ ಮೀನು ಮಾರುವವನು. ನಮ್ಮಲ್ಲಿದ್ದದ್ದು ಮಾಸ್ಟರ್ ಮದುವೆಯ ಕರಿ ಉಣ್ಣೆ ಕೋಟು. ಶಿವಾಜಿನಗರದ ಅರ್ಧ ಗಂಡಸರು ಅದರೊಳಗೆ ಹೊಕ್ಕು ಬಂದಿದ್ದಾರೆ. "ಇಷ್ಟು ಜನ ಹಾಕಿದರೂ ಒಂದು ಗೀರಿಲ್ಲ ನೋಡು," ಎಂದು ಮಾಸ್ಟರ್ ಬಂದವರಿಗೆಲ್ಲ ಹೇಳುತ್ತಿದ್ದರು. ಕ್ಯಾಮೆರಾ ಬಿಟ್ಟರೆ ಅವರಿಗೆ ಅದರ ಮೇಲೇ ಜಂಬ.

ಆಮೇಲೆ ಬಣ್ಣದ ಫಿಲ್ಮ್ ಬಂತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ನಾನು ಕೈತೊಳೆಯುತ್ತಿದ್ದ ತೊಟ್ಟಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮಾಸ್ಟರ್ ಮೂರು ಸಾಮಾನು ಮಾತ್ರ ಬೆನ್ಸನ್ ಟೌನಿನ ಮನೆಗೆ ಒಯ್ದರು: ಹಳೇ ಎರಡು ಕಣ್ಣಿನ ಕ್ಯಾಮೆರಾ, ಕೋಟು, ಒಂದು ಇನ್‌ಫ್ರಾರೆಡ್ ರೋಲು. ರೋಲು ಯಾರೋ ಸರ್ವೆ ಕೆಲಸದವರು ಯಾವುದೋ ಕಾಲದಲ್ಲಿ ಕೊಟ್ಟಿದ್ದು. ಅದು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಕೂತು ತನ್ನ ಆಯಸ್ಸು ಮುಗಿಸಿತು.

ಕಳೆದ ಬೇಸಿಗೆಯಲ್ಲಿ ಮಾಸ್ಟರ್ ಮನೆಗೆ ಹೋಗಿದ್ದಾಗ ಅವರ ಹೆಂಡತಿ ಕಮಲಕ್ಕ ಸುದ್ದಿ ಹೇಳಿದಳು. ಇಂದಿರಾನಗರದಲ್ಲಿ ಕೆಫೆ ಇಟ್ಟಿರುವ ನಿತಿನ್ ಎಂಬ ಹುಡುಗ ಕ್ಯಾಮೆರಾ ಕೇಳಿದ್ದಾನೆ. ಗೋಡೆಯ ಮೇಲೆ ಮನಿಪ್ಲಾಂಟ್ ಪಕ್ಕ ಇಡುತ್ತಾನಂತೆ. ಶನಿವಾರ ಬಂದು ಒಯ್ಯುತ್ತಾನಂತೆ.

ನನ್ನ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. "ಮಾಸ್ಟರ್, ಕ್ಯಾಮೆರಾ ನನಗೆ ಬೇಕು," ಎಂದೆ.

"ನಿನಗ್ಯಾಕೆ?"

"ಪಟ ತೆಗೆಯೋಕೆ. ಮತ್ತೇನು ಸಾರು ಮಾಡೋಕಾ?"

ಕಮಲಕ್ಕ ನಕ್ಕಳು. ಮಾಸ್ಟರಿಗೆ ಅದೇ ಸಾಕಾಯಿತು. ಫ್ರಿಜ್ ತೆಗೆದು, ಹಿಟ್ಟಿನ ಡಬ್ಬಿ ಸರಿಸಿ, ರೋಲು ತಂದು ಟೀಪಾಯಿ ಮೇಲೆ ಇಟ್ಟರು. "ಸರಿ. ಇದು ಸತ್ತ ರೋಲು. ಇದ್ರಲ್ಲಿ ನನ್ನ ಪಟ ತೆಗಿ. ಮರ ಗಿಡ ಬೇಡ, ನನ್ನ ಪಟ. ನೋಡಿದ್ರೆ ನಾನೇ ಅಂತ ಗೊತ್ತಾಗ್ಬೇಕು. ಶನಿವಾರದೊಳಗೆ ತಂದ್ರೆ ಕ್ಯಾಮೆರಾ ನಿಂದು. ಇಲ್ಲ ಅಂದ್ರೆ ಮನಿಪ್ಲಾಂಟ್ ಪಕ್ಕ."

ಇನ್‌ಫ್ರಾರೆಡ್ ಎಂದರೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು. ಆ ಫಿಲ್ಮಿಗೆ ಅದು ಕಾಣುತ್ತದೆ. ಹಸಿರೆಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬರುತ್ತದೆ, ನೀಲಿ ಆಕಾಶ ಕಪ್ಪಗೆ. ಲೆನ್ಸಿಗೆ ಹೆಚ್ಚುಕಡಿಮೆ ಕಪ್ಪೇ ಅನ್ನಿಸುವ ಕೆಂಪು ಗಾಜು ಹಾಕಬೇಕು. ಕತ್ತಲೆ ಕೋಣೆಯ ಕೆಂಪು ದೀಪವೂ ಅದಕ್ಕೆ ಆಗದು. ಕ್ಯಾಮೆರಾಕ್ಕೆ ತುಂಬುವಾಗಲೇ ಪೂರ್ತಿ ಕತ್ತಲೆ ಬೇಕು.

ಮಾಸ್ಟರ್ ಮನೆಯಲ್ಲಿ ಎಲ್ಲಿ ನೋಡಿದರೂ ಕಿಟಕಿ. ನಾನು ಕರೆದೆನೆಂದು ಗುರುವಾರ ಬೆಳಿಗ್ಗೆ ಕವಿತಾ, ಕೈತೂರಿಸಿ ಒಳಗೇ ಫಿಲ್ಮ್ ತುಂಬುವ ಕರಿ ಚೀಲ ತಂದಳು. ಮಾಸ್ಟರ್ ಬೇಡ ಎಂದರು. "ಆ ಬೆಳಕು ಬಟ್ಟೆ ದಾಟುತ್ತೆ ಮಾ. ಕಬ್ಬಿಣ ದಾಟಲ್ಲ." ಹಾಗೆಂದು ಹಾಲಿನಲ್ಲಿದ್ದ ಕಮಲಕ್ಕನ ಕಬ್ಬಿಣದ ಬೀರುವಿನ ಕಡೆ ನೋಡಿದರು. ನಾವೆಲ್ಲ ಅವರನ್ನು ನೋಡಿದೆವು.

ರೇಷ್ಮೆ ಸೀರೆಗಳನ್ನೆಲ್ಲ ಸೋಫಾ ಮೇಲೆ ಹಾಕಿ, ಹಲಗೆ ತೆಗೆದು, ಕ್ಯಾಮೆರಾ ರೋಲು ಎರಡನ್ನೂ ಮಡಿಲಲ್ಲಿಟ್ಟುಕೊಂಡು ನಾನು ಬೀರುವಿನೊಳಗೆ ಕುಕ್ಕರುಗಾಲಲ್ಲಿ ಕೂತೆ. ಬಾಗಿಲು ಮುಚ್ಚಲಿಲ್ಲ. ನನ್ನ ಮಂಡಿ ಹೊರಗಿತ್ತು. ಕವಿತಾ ಮಂಡಿ ಒತ್ತಿದಳು, ಕಮಲಕ್ಕ ಬಾಗಿಲು ಒತ್ತಿದಳು, ಒಳಗೆ ಹೋದೆ. ಸಂದಿಗೆಲ್ಲ ಕಂಬಳಿ ತುರುಕಿದರು. ನುಸಿಗುಳಿಗೆ ವಾಸನೆಗೆ ಕಣ್ಣು ಉರಿಯಿತು. ಆದರೂ ಕತ್ತಲು ನನ್ನದಲ್ಲವೆ. ಬೆರಳುಗಳಿಗೆ ಎಲ್ಲ ನೆನಪಿತ್ತು.

ಅಷ್ಟರಲ್ಲಿ ಬೆಲ್ಲು. ನಿತಿನ್ ಬಂದಿದ್ದ. ಶೆಲ್ಫ್ ಮಾಡಿಸಲು ಕ್ಯಾಮೆರಾ ಅಳತೆ ಬೇಕಂತೆ.

"ಕ್ಯಾಮೆರಾ ಎಲ್ಲಿ ಅಂಕಲ್?"

"ಒಳಗಿದೆ," ಎಂದರು ಮಾಸ್ಟರ್. ಸುಳ್ಳಲ್ಲ.

ನನಗೆ ಸೀನು ಬಂತು. ತಡೆದೆ. ತಡೆದದ್ದು ಕೆಮ್ಮಾಗಿ ಬಂತು.

"ಅಂಕಲ್, ಬೀರು ಕೆಮ್ತಾ ಇದೆ."

"ಹಳೇ ಬೀರು. ಹಾಗೇ ಅದು," ಎಂದಳು ಕಮಲಕ್ಕ. "ಕಾಫಿ ಕುಡೀತೀಯೇನಪ್ಪಾ?"

"ನಂಗೂ ಒಂದು ಲೋಟ," ಎಂದೆ ನಾನು ಒಳಗಿನಿಂದ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಹೊರಗೆ ಕವಿತಾ ಸೀರೆಗಳ ಮೇಲೆ ಬಿದ್ದು ನಗುತ್ತಿದ್ದದ್ದು ಕೇಳುತ್ತಿತ್ತು. ರೋಲು ತುಂಬಿ ಕ್ಯಾಮೆರಾ ಮುಚ್ಚಿ ಬಾಗಿಲು ತಟ್ಟಿದೆ. ಬೀರುವಿನಿಂದ ನಾನು ಇಳಿದದ್ದನ್ನು ನೋಡಿದ ನಿತಿನ್, ಪಟ ತೆಗೆಯಲು ಕೆರೆಗೆ ಹೊರಟಿದ್ದೇವೆ ಎಂದು ಕೇಳಿ ಅಳತೆಯನ್ನೇ ಮರೆತು, "ಅಜ್ಜಿ, ನಾನೂ ಬರ್ಲಾ?" ಎಂದ. ಹೀಗೆ ಕ್ಯಾಮೆರಾ ಒಯ್ಯಬೇಕಾದವನೇ ಸ್ಟ್ಯಾಂಡ್ ಹೊತ್ತುಕೊಂಡು ನಮ್ಮ ಜೊತೆ ಎರಡು ಆಟೋದಲ್ಲಿ ಹಲಸೂರು ಕೆರೆಗೆ ಹೊರಟ.

ಕೆರೆ ದಂಡೆಯಲ್ಲಿ ದೊಡ್ಡ ಮಳೆಮರ. ನೆತ್ತಿ ಸುಡುವ ಬಿಸಿಲು. ಮಾಸ್ಟರ್ ಆ ಬಿಸಿಲಲ್ಲಿ ಕರಿ ಕೋಟು ಹಾಕಿ ಬಂದಿದ್ದರು. ರೋಲಿನಲ್ಲಿ ಹನ್ನೆರಡು ಪಟ. ಈ ಕ್ಯಾಮೆರಾಕ್ಕೆ ಮೇಲೊಂದು ಕೆಳಗೊಂದು ಕಣ್ಣು. ಮೇಲಿನದರಲ್ಲಿ ನಾವು ನೋಡುವುದು, ಕೆಳಗಿನದು ಪಟ ತೆಗೆಯುವುದು. ಕೆಂಪು ಗಾಜನ್ನು ತಾನೇ ಹಾಕುತ್ತೇನೆಂದು ಮಾಸ್ಟರ್ ಹಟ ಹಿಡಿದು, ಕನ್ನಡಕವಿಲ್ಲದೆ ಹಾಕಿದರು. ನಾನು ಬಗ್ಗಿ ನೋಡಿದೆ. ಒಳಗೆ ಬಾವಿ.

"ಮಾಸ್ಟರ್, ಏನೂ ಕಾಣ್ತಿಲ್ಲ."

"ಕಾಣಲ್ಲ. ಕಣ್ಣಿಗೆ ಕಾಣದ್ದನ್ನೇ ಅಲ್ವಾ ತೆಗೆಯೋದು. ಒತ್ತು."

ಮಾತು ಸರಿಯೆನ್ನಿಸಿತು. ಒತ್ತಿದೆ. ನನ್ನ ಜೀವಮಾನದ ಮೊದಲ ಬಟನ್. ಕೈಯಲ್ಲಿ ಇರುವೆ ಹರಿದ ಹಾಗಾಯಿತು, ನಗು ಬಂತು, ಇನ್ನೆರಡು ಒತ್ತಿದೆ. ಆಮೇಲೆ ಕವಿತಾ ಹತ್ತಿರ ಬಂದು ನೋಡಿ, "ಅಜ್ಜಿ, ಗಾಜು ಮೇಲಿನ ಕಣ್ಣಿಗಿದೆ," ಎಂದಳು. ಮೂರು ಪಟ ಸುಟ್ಟ ದೋಸೆ. ಮಾಸ್ಟರ್ ಕೆರೆಯಲ್ಲಿ ಬಾತು ಎಣಿಸುವವರ ಹಾಗೆ ಆ ಕಡೆ ತಿರುಗಿದರು.

ಗಾಜನ್ನು ಕೆಳಗಿನ ಕಣ್ಣಿಗೆ ಹಾಕಿ, ಫೋಕಸ್ ಮಾಡಿ, ಅಲ್ಲಿಂದ ಒಂದು ಕೂದಲೆಳೆ ಹತ್ತಿರಕ್ಕೆ ತಿರುಗಿಸಿದೆ. ಈ ಬೆಳಕು ಕಣ್ಣಿಗೆ ಚೊಕ್ಕಟ ಕಂಡ ಜಾಗದಲ್ಲಿ ಕೂರುವುದಿಲ್ಲ, ಸ್ವಲ್ಪ ಆಚೆ ಕೂರುತ್ತದೆ ಎಂದು ಹಿಂದೆ ಮಾಸ್ಟರೇ ಹೇಳಿದ್ದು. ಇನ್ನೊಂದು ತೊಂದರೆ ಇತ್ತು. ಕ್ಯಾಮೆರಾ ಬೆನ್ನಲ್ಲಿ ಎಷ್ಟನೇ ಪಟ ಎಂದು ನೋಡಲು ಒಂದು ಕೆಂಪು ಕಿಂಡಿ ಇರುತ್ತದೆ. ಬೇರೆ ಫಿಲ್ಮಿಗೆ ಅದು ನಿರಪಾಯ, ಇದಕ್ಕೆ ವಿಷ. ಕವಿತಾ ಅದಕ್ಕೆ ಕರಿ ಟೇಪು ಅಂಟಿಸಿದ್ದಳು. ನಂಬರ್ ನೋಡದೆ ಬೆರಳಿನ ಅಂದಾಜಿನಲ್ಲೇ ನಾನು ರೋಲು ತಿರುಗಿಸುತ್ತಿದ್ದೆ. ಮಾಸ್ಟರಿಗೆ ತಡೆಯಲಾಗಲಿಲ್ಲ. ಪಟ ತೆಗೆಸಿಕೊಳ್ಳುವವರು ಮರದಡಿಯಿಂದ ಎದ್ದು ಬಂದು, "ಎಷ್ಟನೇದು, ನೋಡೋಣ," ಎಂದು ಟೇಪು ಸುಲಿದೇಬಿಟ್ಟರು. ಜೀವಮಾನದ ಅಭ್ಯಾಸ ಅದು. ನಡುಮಧ್ಯಾಹ್ನದ ಬಿಸಿಲು ನೆಟ್ಟಗೆ ಕಿಂಡಿಯೊಳಗೆ.

ಅವರ ಕೈಗೆ ಪಟಾರನೆ ಹೊಡೆದೆ. ಅವರು ನನಗೆ ಹೊಡೆದದ್ದು ನಾನು ಕ್ಯಾಮೆರಾ ಮುಟ್ಟಲು ಹೋದ ಮೊದಲ ದಿನ. ಬಡ್ಡಿ ಸಮೇತ ತೀರಿತು.

"ರತ್ನ, ನೀನು ನನಗೆ ಹೊಡೆದೆಯಾ?"

"ಹೋಗಿ ನಿಂತ್ಕೊಳ್ಳಿ ಮಾಸ್ಟರ್. ಇನ್ನೊಂದು ಕೊಡ್ತೀನಿ."

ಕಮಲಕ್ಕ ಬೆಂಚಿನ ಮೇಲೆ ಕೂತು ಕಡ್ಲೆಕಾಯಿ ತಿನ್ನುತ್ತಿದ್ದವಳು ಚಪ್ಪಾಳೆ ತಟ್ಟಿದಳು.

ಕಷ್ಟ ಮುಗಿದಿರಲಿಲ್ಲ. ಕಪ್ಪು ಗಾಜು, ಮುದಿ ಫಿಲ್ಮು, ಎರಡೂ ಸೇರಿದ್ದರಿಂದ ಬಟನ್ನನ್ನು ಉಸಿರು ಕಟ್ಟುವಷ್ಟು ಹೊತ್ತು ಹಿಡಿದಿರಬೇಕಿತ್ತು. ಅಷ್ಟು ಹೊತ್ತೂ ಮಾಸ್ಟರ್ ಅಲ್ಲಾಡಬಾರದು. ಊರಿಗೆಲ್ಲ "ಅಲ್ಲಾಡಬೇಡಿ, ಗಲ್ಲ ಕೆಳಗೆ" ಎಂದು ಬೈದ ಮನುಷ್ಯ, ಒಂದು ಕ್ಷಣ ನೆಟ್ಟಗೆ ನಿಲ್ಲಲಾರರು. ಒಂದು ಪಟಕ್ಕೆ "ಸ್ಟ್ಯಾಂಡ್ ವಾಲಿದೆ" ಎಂದರು. ಇನ್ನೊಂದಕ್ಕೆ "ನೆರಳು ನೋಡು" ಎಂದರು. ಮತ್ತೊಂದಕ್ಕೆ ವಾಕಿಂಗ್ ಬಂದ ಹಳೇ ಗಿರಾಕಿಗೆ ಕೈಬೀಸಿದರು. "ಮಾಸ್ಟರ್, ನಿಮ್ಮನ್ನ ಮರಕ್ಕೆ ಕಟ್ಟಿಹಾಕ್ತೀನಿ," ಎಂದೆ. "ಕಟ್ಟು, ಆದರೆ ಗಂಟು ಫ್ರೇಮಲ್ಲಿ ಬರದ ಹಾಗೆ," ಎಂದರು. ನಿತಿನ್ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟ.

ಬೆರಳಿನ ಅಂದಾಜಿಗೆ ಒಂದೇ ಪಟ ಉಳಿದಿತ್ತು. ನನ್ನ ನಗು ಇಳಿಯಿತು. ಇದೂ ಹೋದರೆ ಕ್ಯಾಮೆರಾ ಗೋಡೆಗೆ. ಬಟನ್ ಮೇಲೆ ಬೆರಳಿಟ್ಟೆ. ಆಗ ಕಮಲಕ್ಕ ಕಡ್ಲೆಕಾಯಿ ಸಿಪ್ಪೆ ಊದುತ್ತಾ, ಯಾರಿಗೂ ಅಲ್ಲದ ಹಾಗೆ, "ಆ ಕೋಟು ಈಗ್ಲೂ ನಿಮಗೆ ಒಪ್ಪುತ್ತೆ ರೀ," ಎಂದಳು.

ಮಾಸ್ಟರ್ ಕಲ್ಲಾದರು. ಅಂಥ ಮಾತು ಆ ಮನೆಯಲ್ಲಿ ನಾನು ಪಾತ್ರೆ ತೊಳೆದ ಕಾಲದಿಂದ ಕೇಳಿಲ್ಲ. ಅವರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ರೆಪ್ಪೆಯೂ ಆಡಲಿಲ್ಲ. ನಾನು ಒತ್ತಿ ಹಿಡಿದೆ, ಬೇಕಾದಷ್ಟು ಹೊತ್ತು ಹಿಡಿದೆ, ಬಿಟ್ಟೆ.

ರೋಲನ್ನು ಕವಿತಾಳ ಲ್ಯಾಬಿನ ಪೂರ್ತಿ ಕತ್ತಲಲ್ಲಿ, ಉಕ್ಕಿನ ಡಬ್ಬಿಯಲ್ಲಿ ನಾನೇ ತೊಳೆದೆ. ತೆಗೆದು ನೋಡಿದರೆ ಮೊದಲ ಮೂರು ಇದ್ದಿಲು. ಟೇಪು ಸುಲಿದಲ್ಲಿ ಮಾಸ್ಟರ್ ಹೊಟ್ಟೆಯ ಮೇಲೆ ಹುಣ್ಣಿಮೆ ಚಂದ್ರ. ಆಮೇಲಿನವುಗಳಲ್ಲಿ ಒಬ್ಬೊಬ್ಬ ಮಾಸ್ಟರಿಗೆ ಎರಡೆರಡು ತಲೆ, ಒಂದರಲ್ಲಿ ಮೂರು ಕೈ. ಕೊನೆಯದು ಮಾತ್ರ ಒಂದೊಂದು ಗೆರೆಯೂ ಚೊಕ್ಕಟವಾಗಿ ಬಂದಿತ್ತು. ಕವಿತಾ ನನ್ನ ಸೊಂಟ ಹಿಡಿದು ಶೆಡ್ಡಿನಲ್ಲೇ ಒಂದು ಸುತ್ತು ತಿರುಗಿಸಿದಳು. ಹೈಪೋ ನಮ್ಮಿಬ್ಬರ ಮೇಲೂ ಚೆಲ್ಲಿತು.

ಶನಿವಾರ ದೊಡ್ಡ ಪ್ರಿಂಟ್ ತೆಗೆದುಕೊಂಡು ಹೋದೆವು. ನಿತಿನ್ ಕ್ಯಾಮೆರಾ ಒಯ್ಯಲು ರಟ್ಟಿನ ಡಬ್ಬಿ ಹಿಡಿದು ಆಗಲೇ ಕೂತಿದ್ದ. ಮಾಸ್ಟರ್ ಪಟವನ್ನು ಕೈಚಾಚಿ ಹಿಡಿದು ನೋಡಿದರು. ಮರವೆಲ್ಲ ಬೆಳ್ಳಗೆ, ಕೆರೆ ಆಕಾಶ ಎರಡೂ ಕಪ್ಪಗೆ. ನಡುವೆ ಹಾಲಿನ ಮುಖ, ಮಸಿ ಕಣ್ಣು, ಒಬ್ಬ ಮನುಷ್ಯ. ಮೈಮೇಲೆ ಅಚ್ಚ ಬಿಳಿ ಕೋಟು.

ಆ ಕೋಟಿನ ಕರಿ ಬಣ್ಣ ನಮ್ಮ ಕಣ್ಣಿಗೆ ಮಾತ್ರ ಕರಿ. ಈ ಬೆಳಕನ್ನು ಅದು ನುಂಗದೆ ವಾಪಸು ಎಸೆದಿತ್ತು. ಹಾಗಾಗುತ್ತದೆಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

"ಯಾರಿದು?" ಎಂದರು ಮಾಸ್ಟರ್.

"ನೀವೇ."

"ನಾನು ಕರಿಯ. ಇವನು ಬಿಳಿಯ. ನನ್ನ ಕೋಟು ಕಪ್ಪು. ಇವನು ಐಸ್‌ಕ್ರೀಮ್ ಮಾರೋನು. ಮಾತು ಏನಿತ್ತು? ನಾನೇ ಅಂತ ಗೊತ್ತಾಗ್ಬೇಕು. ನಿತಿನ್, ಡಬ್ಬಿ ತಗೋ."

"ಮೂಗು ನೋಡಿ ಮಾಸ್ಟರ್, ನಿಮ್ಮದೇ ಮೂಗು."

"ಇಂಥ ಮೂಗು ಕಂಟೋನ್ಮೆಂಟಲ್ಲಿ ಎಷ್ಟಿಲ್ಲ?"

ಅದು ತಾವೇ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಆಡಿದ ಮಾತು ಹಾಗಿತ್ತು, ಮನುಷ್ಯ ಹಟಮಾರಿ. ನಿತಿನ್ ಪಾಪ, ಡಬ್ಬಿ ತೆರೆಯಲೋ ಬೇಡವೋ ಎಂದು ನನ್ನ ಮುಖ ನೋಡಿದ. "ತಗೋಳಪ್ಪ," ಎಂದೆ. ಅಳುವುದಕ್ಕೆ ನಾನೇನು ಮಗುವೆ.

ಕಮಲಕ್ಕ ಅಡುಗೆಮನೆಯಿಂದ ಬಂದು ಕನ್ನಡಕ ಹಾಕಿಕೊಂಡು ಪಟ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಭುಜ ಕುಣಿಯಲು ಶುರುವಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

"ಇದು ನಿಮ್ಮ ಕೋಟೇ ರೀ. ಆ ಮೂತಿ ನೋಡಿ."

ಬಿಳಿ ಕೋಟಿನ ಬಲಜೇಬಿನ ಕೆಳಗೆ ಒಂದು ಕಪ್ಪು ಗುರುತು. ಮುಂದೆ ಚೂಪು, ಹಿಂದೆ ಅಗಲ. ನಾನು ಫಿಲ್ಮಿನ ಕಲೆ ಎಂದುಕೊಂಡಿದ್ದೆ.

"ಏನದು?" ಎಂದರು ಮಾಸ್ಟರ್.

"ಇಸ್ತ್ರಿ ಪೆಟ್ಟಿಗೆ ಮೂತಿ. ನೀವು ಯಾವುದೋ ದೊಡ್ಡ ಮದುವೆ ಆರ್ಡರ್ ಅಂತ ಗಡಿಬಿಡಿ ಮಾಡಿದ್ರಿ, ನಾನು ಇಸ್ತ್ರಿ ಇಟ್ಟು ಹಾಲು ಇಳಿಸೋಕೆ ಹೋದೆ, ಬರೋದ್ರೊಳಗೆ ತೂತು. ಶಿವಾಜಿನಗರದಲ್ಲಿ ಹರಿದ ಬಟ್ಟೆ ನೇಯೋ ರಫೂ ಭಾಯ್ ಹತ್ರ ಓಡಿದೆ. ಅವನು, ಫಿಕರ್ ನಕ್ಕೋ ಅಮ್ಮಾ, ಯೋಚ್ನೆ ಬೇಡ, ಅಂದು ಬೇರೆ ಕರಿ ಬಟ್ಟೆ ಕೂರಿಸಿ ನೇಯ್ದುಕೊಟ್ಟ. ಒಂದು ಗೀರಿಲ್ಲ ಒಂದು ಗೀರಿಲ್ಲ ಅಂತ ನೀವು ಊರಿಗೆಲ್ಲ ಹೇಳುವಾಗ ನಾನು ಒಳಗೆ ಹೋಗಿ ನಕ್ಕು ಬರ್ತಿದ್ದೆ."

ಮಾಸ್ಟರ್ ಎದ್ದು ಕೋಟು ತಂದು ಕಿಟಕಿಗೆ ಹಿಡಿದರು. ಏನೂ ಕಾಣಲಿಲ್ಲ. ಬೆರಳಿನಿಂದ ಸವರಿದರು. ಏನೂ ಸಿಗಲಿಲ್ಲ. ಒಳಗಿನ ಅಸ್ತರಿಯ ಹೊಲಿಗೆ ಬಿಚ್ಚಿ ತಿರುಗಿಸಿದರು. ಅಲ್ಲಿ ಇರುವೆ ಸಾಲಿನಂಥ ಸಣ್ಣ ಹೊಲಿಗೆ, ಮುಂದೆ ಚೂಪು, ಹಿಂದೆ ಅಗಲ. ತೇಪೆಯ ಬಟ್ಟೆಯ ಕರಿ ಬೇರೆ, ಅದು ಮಾತ್ರ ಆ ಬೆಳಕನ್ನು ನುಂಗಿತ್ತು.

"ಇಷ್ಟು ವರ್ಷ ಶಿವಾಜಿನಗರಕ್ಕೆಲ್ಲ ತೇಪೆ ಕೋಟು ಹಾಕ್ಸಿದ್ದೀನಾ?"

"ಒಬ್ಬನಾದ್ರೂ ಕೇಳಿದ್ನಾ?" ಎಂದಳು ಕಮಲಕ್ಕ.

ಮಾಸ್ಟರ್ ಪಟವನ್ನೂ ಕೋಟನ್ನೂ ಮತ್ತೊಮ್ಮೆ ಪಕ್ಕ ಪಕ್ಕ ಇಟ್ಟು ನೋಡಿದರು. ಈ ಕೋಟು ಇರುವುದು ಲೋಕಕ್ಕೆ ಒಂದೇ, ಈಗ ಅದರೊಳಗೆ ಹೊಗುವವರೂ ಒಬ್ಬರೇ. ವಾದ ಮಾಡಲು ಜಾಗ ಉಳಿಯಲಿಲ್ಲ. ಟೀಪಾಯಿ ಮೇಲಿದ್ದ ಕ್ಯಾಮೆರಾ ಎತ್ತಿ ನನ್ನ ಮಡಿಲಲ್ಲಿ ಇಟ್ಟರು. ಆಶೀರ್ವಾದ ಗೀಶೀರ್ವಾದ ಏನಿಲ್ಲ. "ಲೆನ್ಸಿಗೆ ಬೆರಳು ಹಚ್ಚಬೇಡ," ಎಂದರು.

ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಕಿಂಡಿಗೆ ಟೇಪು ಅಂಟಿಸಿಯೇ ಇಟ್ಟಿದ್ದೇನೆ, ಮಾಸ್ಟರ್ ಬಂದಾಗಲೆಲ್ಲ ಅವರ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ನಿತಿನ್ ಬರಿ ಡಬ್ಬಿ ಹಿಡಿದು ಹೋಗಲಿಲ್ಲ. ಪಟ ಕೇಳಿ ಒಯ್ದು, ಶೆಲ್ಫ್ ಮಾಡಿಸಬೇಕೆಂದಿದ್ದ ಜಾಗದಲ್ಲೇ ತೂಗುಹಾಕಿದ. ಮಾಸ್ಟರ್ ಆಗಾಗ ಹೋಗಿ ಅದರ ಕೆಳಗಿನ ಮೇಜಿನಲ್ಲೇ ಕೂರುತ್ತಾರೆ. ಆ ಬಿಳಿ ಮನುಷ್ಯನಿಗೂ ಈ ಕರಿ ಮುದುಕನಿಗೂ ಸಂಬಂಧವಿದೆ ಎಂದು ಕಾಫಿ ಕುಡಿಯುವವರಿಗೆ ಹೇಗೆ ಗೊತ್ತಾಗಬೇಕು. ಅದಕ್ಕೇ ಯಾರಾದರೂ ಪಟದ ಕಡೆ ತಲೆ ಎತ್ತಿದರೆ ಸಾಕು, ಮಾಸ್ಟರ್ ಎದ್ದು ಅವರ ಮೇಜಿಗೇ ಹೋಗಿ, "ಅದು ನಾನೇ," ಎನ್ನುತ್ತಾರೆ. ನಂಬದಿದ್ದರೆ ಕೋಟಿನ ಅಸ್ತರಿ ಎತ್ತಿ ತೇಪೆ ತೋರಿಸುತ್ತಾರೆ.